ಒಂಬತ್ತಕ್ಕೆ ಮುಚ್ಚುವ ದಾರಿ: ಬಂಡೀಪುರದಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ

ಮೊದಲ ದಿನ: ಗುಂಡ್ಲುಪೇಟೆ, ಹಂಗಳ, ಮದ್ದೂರು ಗೇಟು

ಚಾಮರಾಜನಗರ ಜಿಲ್ಲೆಯ ಕಾಡಂಚು ನೋಡಬೇಕೆಂದರೆ ಡಿಸೆಂಬರ್ ನಡುಭಾಗ ತಕ್ಕ ಕಾಲ. ಪ್ರಾಣಿ ಹೆಚ್ಚು ಕಾಣುತ್ತವೆ ಅಂತಲ್ಲ, ಅದಕ್ಕೆ ಬೇಸಿಗೆಯೇ ಸರಿ. ಡಿಸೆಂಬರಿನಲ್ಲಿ ರಾಗಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಹುರುಳಿ, ಅವರೆ ಇನ್ನೂ ಹೊಲದಲ್ಲಿರುತ್ತವೆ, ಅರಣ್ಯ ಇಲಾಖೆ ಕಾಳ್ಗಿಚ್ಚು ತಡೆಯುವ ಬೆಂಕಿ ರೇಖೆ ಸವರಲು ಆಳು ಹುಡುಕುತ್ತಿರುತ್ತದೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ಬಿಡಿಸುತ್ತಿರುತ್ತಾರೆ. ರೈತ, ಫಾರೆಸ್ಟಿನವರು, ಆನೆ ಎಲ್ಲರೂ ಅದೇ ತಿಂಗಳು ಅದೇ ಜಾಗದಲ್ಲಿ ತಮ್ಮ ಕೆಲಸ ಮುಗಿಸಿಕೊಳ್ಳಲು ನೋಡುತ್ತಿರುತ್ತಾರೆ.

ಮೈಸೂರಿನಿಂದ ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆ ಮುಟ್ಟಿದರೆ ದಾರಿ ಕವಲಾಗುತ್ತದೆ. ಹೆದ್ದಾರಿ 181 ಹಂಗಳದ ಮೇಲೆ ಊಟಿಗೆ, 766 ಮದ್ದೂರಿನ ಮೇಲೆ ಸುಲ್ತಾನ್ ಬತ್ತೇರಿಗೆ. ಎರಡೂ ಬಂಡೀಪುರದೊಳಗೇ ಹಾದುಹೋಗುತ್ತವೆ. ಎರಡೂ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತವೆ. 2010ರಲ್ಲಿ ಹೈಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಆಂಬುಲೆನ್ಸು ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸು ಬಿಟ್ಟು ಮಿಕ್ಕವರೆಲ್ಲ ಕಾಯಬೇಕು, ಇಲ್ಲವೇ ಹುಣಸೂರು, ಗೋಣಿಕೊಪ್ಪ, ಕುಟ್ಟ ಸುತ್ತಿಕೊಂಡು ಹೋಗಬೇಕು. ಹಾಗಾಗಿ ವಾಸ್ತವ್ಯ ಗುಂಡ್ಲುಪೇಟೆಯಲ್ಲೇ ಹಿಡಿಯುವುದು ಮೇಲು.

ಹಂಗಳದ ರಸ್ತೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ದನ. ಬೆಳಿಗ್ಗೆ ಕಾಡಿನ ಕಡೆ, ಸಂಜೆ ಊರಿನ ಕಡೆ. ಇವು ಹಾಲಿಗಾಗಿ ಸಾಕಿದ ದನಗಳಲ್ಲ, ಬಹುಪಾಲು ಲೀಟರು ಹಾಲನ್ನೂ ಕೊಡುವುದಿಲ್ಲ. ಇವುಗಳಿಂದ ಬರುವ ಆದಾಯ ಸಗಣಿಯದು. ಕೊಟ್ಟಿಗೆಯಲ್ಲಿ ಗುಡ್ಡೆ ಹಾಕಿದ ಗೊಬ್ಬರ ಕಾಫಿ ತೋಟಗಳಿಗೆ, ಶುಂಠಿ ಹೊಲಗಳಿಗೆ ಲಾರಿಯಲ್ಲಿ ಹೋಗುತ್ತದೆ. ಕಾಫಿಗೆ ಬೆಲೆ ಬಂದಾಗ ಗೊಬ್ಬರಕ್ಕೂ ಬೆಲೆ, ಗೊಬ್ಬರಕ್ಕೆ ಬೆಲೆ ಬಂದಾಗ ದನದ ಸಂಖ್ಯೆ ಹೆಚ್ಚು. ಬಂಡೀಪುರದ ಹುಲ್ಲು ಹೀಗೆ ಸಗಣಿಯಾಗಿ ಪರಸ್ಥಳದ ತೋಟ ಸೇರುತ್ತದೆ, ಕಾಡಿನ ಅಂಚಿನ ಮಣ್ಣು ಮಾತ್ರ ಬಡವಾಗುತ್ತದೆ. ಮೇಯಿಸುವುದನ್ನು ತಡೆಯಲು ಹಾಲಿನ ಹಸು ಹಂಚುವ ಯೋಜನೆ ಇಲ್ಲಿ ಯಾಕೆ ನೆಲ ಕಚ್ಚುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಮೇಲುಕಾಮನಹಳ್ಳಿಯ ಸಫಾರಿ ಕೌಂಟರ್ ಬಣಗುಡುತ್ತಿತ್ತು. ಹುಲಿ ದಾಳಿಯಲ್ಲಿ ರೈತರು ಸತ್ತ ಮೇಲೆ 2025ರ ನವೆಂಬರಿನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಕಾಡಂಚಿನ ಕಾವಲಿಗೆ ಹಚ್ಚಿತ್ತು. ಸಫಾರಿ ಇಲ್ಲದಾಗ ಬಂಡೀಪುರಕ್ಕೆ ಯಾಕೆ ಹೋಗಬೇಕು ಎನ್ನುವವರಿಗೆ ಉತ್ತರ: ನಿಜವಾದ ವ್ಯವಹಾರವೆಲ್ಲ ಗೇಟಿನ ಈಚೆಗೇ ನಡೆಯುವುದು.

ಸಂಜೆ ಜಿಟಿಜಿಟಿ ಮಳೆ ಹಿಡಿಯಿತು. ಎಂಟೂವರೆ ಹೊತ್ತಿಗೆ ಮದ್ದೂರು ಚೆಕ್‌ಪೋಸ್ಟಿನಲ್ಲಿ ತರಕಾರಿ ಲಾರಿಗಳು ಒಂದರ ಹಿಂದೊಂದು ಒಳಗೆ ನುಗ್ಗುತ್ತಿದ್ದವು. ಎಂಟೂವರೆಯಿಂದ ಒಂಬತ್ತರವರೆಗಿನ ಈ ಅರ್ಧ ಗಂಟೆಯೇ ಅಪಾಯದ್ದು. ಗೇಟು ತಪ್ಪೀತೆಂದು ಓಡಿಸುವವರು ರಸ್ತೆಯುಬ್ಬುಗಳನ್ನೂ ಲೆಕ್ಕಿಸುವುದಿಲ್ಲ, ಹುಲ್ಲು ಮೇಯಲು ರಸ್ತೆ ಬದಿಗೆ ಬಂದ ಜಿಂಕೆಗೆ ದೀಪ ಕಣ್ಣಿಗೆ ಬಿದ್ದರೆ ಕಾಲೇ ಏಳುವುದಿಲ್ಲ. ಒಂಬತ್ತು ಹೊಡೆದ ಐದು ನಿಮಿಷಕ್ಕೆ ಬಂದ ಟೊಮೆಟೊ ಗಾಡಿಯ ಚಾಲಕ ಗೇಟಿನವನ ಹತ್ತಿರ ಒಂದಷ್ಟು ವಾದಿಸಿ, ಸೋತು, ಗಾಡಿಯನ್ನು ಬದಿಗೆ ಹಾಕಿ, ಸ್ಟವ್ ಹಚ್ಚಿದ. ಟೊಮೆಟೊ ಒಂದು ರಾತ್ರಿ ತಡೆಯುತ್ತದಂತೆ, ಸೊಪ್ಪು ತಡೆಯದಂತೆ. ಸೊಪ್ಪಿನವರು ಅದಕ್ಕೇ ಮಧ್ಯಾಹ್ನವೇ ಹೊರಡುತ್ತಾರೆ. ಹದಿನೈದು ವರ್ಷ ದಾಟಿದ ಈ ನಿಯಮ ವ್ಯಾಪಾರದ ಹೊತ್ತನ್ನೇ ತಿದ್ದಿಬಿಟ್ಟಿದೆ.

ಎರಡನೇ ದಿನ: ಗೋಪಾಲಸ್ವಾಮಿ ಬೆಟ್ಟ ಮತ್ತು ತಪ್ಪಲಿನ ಹೊಲಗಳು

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತುದಿ ಸುಮಾರು 1,450 ಮೀಟರ್. ಖಾಸಗಿ ಗಾಡಿ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ಕಾರುಗಳು ಹತ್ತುತ್ತಿದ್ದ ಕಾಲದಲ್ಲಿ ತುದಿಯ ಹುಲ್ಲುಗಾವಲು ಪಾರ್ಕಿಂಗ್ ಜಾಗವಾಗಿಬಿಟ್ಟಿತ್ತು. ಈಗ ಜನ ಕಡಿಮೆಯಾಗಿಲ್ಲ, ಗಾಡಿ ಕಡಿಮೆಯಾಗಿದೆ. ಕಾಡಿನೊಳಗಿನ ದೇವಸ್ಥಾನಗಳಿಗೆ ಇದಕ್ಕಿಂತ ಅಗ್ಗದ, ಜಗಳವಿಲ್ಲದ ಪರಿಹಾರ ಬೇರೊಂದು ಕಾಣದು. ವಾರದ ದಿನ ಬೆಳಿಗ್ಗೆಯೇ ಹೋದರೆ ಸಾಲಿನಲ್ಲಿ ನಿಲ್ಲುವ ಕಷ್ಟ ಇರುವುದಿಲ್ಲ. ಅಂದು ಮಾತ್ರ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಸ್ಸು ಹೊರಡಲೇ ಒಂದು ಗಂಟೆ ತಡವಾಯಿತು, ಮೇಲೆ ಹೋದ ಮೇಲೆ ಗೋಪುರದ ಹೊರತು ಏನೂ ಕಾಣಲಿಲ್ಲ.

ಇಳಿದು ತಪ್ಪಲಿನ ಹಳ್ಳಿಗೆ ಬಂದರೆ ರಾತ್ರಿಯ ಮಳೆಯ ಲೆಕ್ಕ ಶುರುವಾಗಿತ್ತು. ಕೊಯ್ದ ರಾಗಿ ಅರಿಯಲ್ಲೇ ನೆನೆದಿತ್ತು. ನೆನೆದ ರಾಗಿಯನ್ನು ಮೆದೆ ಹಾಕುವಂತಿಲ್ಲ, ಕಾವು ಏರಿ ತೆನೆ ಕಪ್ಪಾಗುತ್ತದೆ. ಒಣಗುವವರೆಗೆ ಹೊಲದಲ್ಲೇ ಇರಬೇಕು, ಇದ್ದಷ್ಟು ರಾತ್ರಿ ಅಟ್ಟಣೆಯ ಮೇಲೆ ಕಾವಲು ಕೂರಬೇಕು. ಅಟ್ಟಣೆಯ ಕೆಳಗೆ ಹೊಗೆ ಹಾಕುತ್ತಿದ್ದ ರೈತರು ಕಂದಕ ತೋರಿಸಿದರು. “ತೋಡದು ಒಂದ್ಸಲ ಸಾ, ಮಳ ಬಂದು ಮುಚ್ಚದು ವರ್ಷ ವರ್ಷ.”

ಆನೆ ಕಂದಕದ ಅಳತೆ ಮೇಲೆ ಸುಮಾರು 3 ಮೀಟರ್ ಅಗಲ, ಅಷ್ಟೇ ಆಳ, ತಳಕ್ಕೆ ಇಳಿದಂತೆ ಕಿರಿದು. ಆನೆ ನೆಗೆಯಲಾರದು ಎಂಬುದೊಂದೇ ಅದರ ಆಧಾರ. ಅದು ಕೆಡುವುದು ಎಲ್ಲ ಕಡೆ ಒಂದೇ ಬಗೆಯಲ್ಲಿ ಅಲ್ಲ. ಕಪ್ಪು ಮಣ್ಣಿನಲ್ಲಿ ಗೋಡೆ ಕುಸಿಯುತ್ತದೆ. ಬಂಡೆ ಸಿಕ್ಕಲ್ಲಿ ಜೆಸಿಬಿ ನಿಂತುಬಿಡುತ್ತದೆ. ಹಳ್ಳ ಹಾಯುವಲ್ಲಿ ತೋಡಿದರೂ ಒಂದು ಮಳೆಗೆ ಹೂಳು ತುಂಬುತ್ತದೆ. ಉಳಿದ ಕಡೆ ಆನೆ ಅಂಚಿನ ಮಣ್ಣನ್ನು ಮುಂಗಾಲಿನಿಂದ ಒದ್ದೊದ್ದು ಕೆಡವಿ ಇಳಿಜಾರು ಮಾಡಿಕೊಳ್ಳುತ್ತದೆ. ಮೈಲುಗಟ್ಟಲೆ ಕಂದಕದಲ್ಲಿ ಹತ್ತು ಅಡಿ ಕೆಟ್ಟರೆ ಸಾಕು, ಹಿಂಡಿಗೆ ಅದೇ ದಾರಿ. ಆದ್ದರಿಂದ ಕಂದಕ ಎಷ್ಟು ಕಿಲೋಮೀಟರ್ ತೋಡಲಾಗಿದೆ ಎಂಬ ಸರ್ಕಾರಿ ಅಂಕಿಗಿಂತ, ಆ ವರ್ಷ ಎಷ್ಟು ಕಡೆ ಹೂಳೆತ್ತಲಾಗಿದೆ ಎಂದು ಕೇಳುವುದು ಒಳ್ಳೆಯದು.

ಪಕ್ಕದಲ್ಲೇ ಸೋಲಾರ್ ಬೇಲಿ. ತಂತಿಗೆ ಕರೆಂಟು ಕೊಡುವ ಎನರ್ಜೈಸರ್ ಪೆಟ್ಟಿಗೆ ಸೆಕೆಂಡಿಗೊಂದರಂತೆ ಸಾವಿರಾರು ವೋಲ್ಟಿನ, ಆದರೆ ಕ್ಷಣಮಾತ್ರದ ಮಿಡಿತ ಕೊಡುತ್ತದೆ. ಹೊಡೆತ ಜೋರು, ಜೀವಕ್ಕೆ ಅಪಾಯವಿಲ್ಲ. ಕಂಬದಿಂದ ನೇರ ಕರೆಂಟು ಎಳೆದು ಬೇಲಿಗೆ ಕೊಡುವುದು ಆನೆಯನ್ನೂ ಕೊಲ್ಲುತ್ತದೆ, ಮನುಷ್ಯನನ್ನೂ ಕೊಲ್ಲುತ್ತದೆ, ಜೈಲಿಗೂ ಕಳಿಸುತ್ತದೆ. ಸೋಲಾರ್ ಬೇಲಿಯ ಕೊರತೆ ಬೇರೆ. ಬೆಳೆದ ಹುಲ್ಲು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಸೋರುತ್ತದೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಬುಡ ಸವರಲೇಬೇಕು. ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕಿಲ್ಲವೆಂದರೆ ಎರಡು ವರ್ಷಕ್ಕೇ ಸಾಯುತ್ತದೆ. ಸಲಗಗಳು ದಂತಕ್ಕೆ ಕರೆಂಟು ಹರಿಯದು ಎಂಬುದನ್ನು ಕಂಡುಕೊಂಡಿವೆ, ದಂತದಲ್ಲೇ ತಂತಿ ಹಿಡಿದು ಕೀಳುತ್ತವೆ. “ಬ್ಯಾಟರಿ ಯಾವಾಗ ಸತ್ತದ ಅನ್ನದು ನಮಗಿಂತ ಮೊದ್ಲು ಆನಗ ಗೊತ್ತಾಯ್ತದ” ಎಂದರು ಅದೇ ರೈತರು. ಈಗ ಬರುತ್ತಿರುವ ತೂಗು ಬೇಲಿ ಸ್ವಲ್ಪ ಜಾಣತನದ್ದು. ಎತ್ತರದ ಕಂಬಗಳ ನಡುವೆ ಮೇಲಿನಿಂದ ತಂತಿಗಳನ್ನು ಇಳಿಬಿಟ್ಟಿರುತ್ತಾರೆ, ತುದಿ ನೆಲ ಮುಟ್ಟುವುದಿಲ್ಲ. ಹುಲ್ಲು ತಾಗುವುದಿಲ್ಲ, ಕಂಬ ಆನೆಯ ಕೈಗೆ ಸುಲಭವಾಗಿ ಸಿಗುವುದಿಲ್ಲ. ಹಳೆಯ ರೈಲು ಕಂಬಿಯ ತಡೆ ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ದುಬಾರಿ. ಅದೂ ಪೂರ್ಣವಲ್ಲ: 2018ರಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಅದನ್ನು ದಾಟಲು ಹೋದ ಸಲಗವೊಂದು ಕಂಬಿಗೆ ಸಿಕ್ಕಿ ಸತ್ತಿತು.

ಬೆಳೆ ಹೋದ ಮೇಲಿನ ಕೆಲಸವೂ ಒಂದು ವಿದ್ಯೆ. ಬೆಳಿಗ್ಗೆಯೇ ಫೋಟೋ, ಅದರಲ್ಲಿ ಆನೆಯ ಹೆಜ್ಜೆ ಅಥವಾ ಲದ್ದಿ ಕಾಣಲೇಬೇಕು. ಅರ್ಜಿಯ ಜೊತೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಮೇಲೆ ಗಾರ್ಡು ಬಂದು ಸ್ಥಳ ಮಹಜರು. ತುಳಿದ ಬೆಳೆಯನ್ನು ಮಹಜರಿಗೆ ಮೊದಲೇ ಕೊಯ್ದುಬಿಟ್ಟರೆ ಹಣ ಇಲ್ಲ. ಹೆಚ್ಚಿನವರು ಮುಗ್ಗರಿಸುವುದು ಪಹಣಿಯಲ್ಲಿ: ಜಮೀನು ಸತ್ತ ಅಪ್ಪನ ಹೆಸರಲ್ಲೇ ಇರುತ್ತದೆ, ಇಲ್ಲವೇ ಉಳುವವನು ಗುತ್ತಿಗೆಯವನು. ಹಸುವನ್ನು ಹುಲಿ ಹಿಡಿದರೆ ಕಳೇಬರವನ್ನು ಜರುಗಿಸದೆ ಅಂದೇ ತಿಳಿಸಬೇಕು, ಪಶುವೈದ್ಯರ ಸರ್ಟಿಫಿಕೇಟ್ ಬೇಕು. ಸ್ವಂತ ಹೊಲದಲ್ಲಾದರೆ ಒಂದು ಲೆಕ್ಕ, ಕಾಡೊಳಗೆ ಮೇಯುವಾಗ ಸತ್ತರೆ ಅರ್ಜಿ ನಿಲ್ಲುವುದೇ ಕಷ್ಟ. ಈ ಕೊನೆಯ ಮಾತು ಐದನೇ ದಿನ ಇನ್ನೊಂದು ರೂಪದಲ್ಲಿ ಎದುರಾಯಿತು.

2012ರಲ್ಲಿ ಬಂಡೀಪುರದ ಸುತ್ತಲಿನ 123 ಹಳ್ಳಿಗಳು ಪರಿಸರ ಸೂಕ್ಷ್ಮ ವಲಯಕ್ಕೆ ಸೇರಿದವು. ಊರಿನಲ್ಲಿ ಅದರ ಹೆಸರೆತ್ತಿದರೆ ಮುಖ ಗಂಟಾಗುತ್ತದೆ, ಉಳುಮೆಯನ್ನೂ ನಿಲ್ಲಿಸುತ್ತಾರೆಂಬ ಭಯ ಈಗಲೂ ಇದೆ. ನಿಯಮ ಹಾಗಿಲ್ಲ. ಬೇಸಾಯ ಮುಂದುವರಿಯುತ್ತದೆ, ಬಿಗಿ ಇರುವುದು ಕಲ್ಲು ಗಣಿ, ಹೊಸ ರೆಸಾರ್ಟು, ಕೃಷಿಭೂಮಿಯ ಪರಿವರ್ತನೆಯ ಮೇಲೆ. ಆದರೆ ರೈತನ ಕೊಟ್ಟಿಗೆ ಪಕ್ಕದಲ್ಲೇ ಹೋಮ್‌ಸ್ಟೇ ಹೆಸರಲ್ಲಿ ಎರಡಂತಸ್ತು ಎದ್ದರೆ ನಿಯಮದ ಮೇಲೆ ಯಾರಿಗೆ ನಂಬಿಕೆ ಬರಬೇಕು?

ಬೆಂಕಿ ರೇಖೆಯ ಆಳುಗಳೂ ಅಂದು ಕೈ ಕಟ್ಟಿ ಕೂತಿದ್ದರು. ರಸ್ತೆ, ಗಡಿ ಉದ್ದಕ್ಕೂ ಹುಲ್ಲು, ಪೊದೆ ಸವರಿ ಒಣಗಿಸಿ, ಗಾಳಿ ಬಿದ್ದ ಹೊತ್ತು ನೋಡಿ ಸುಟ್ಟು, ಹಸಿ ಕೊಂಬೆಯಲ್ಲಿ ಅಂಚು ಬಡಿಯುತ್ತಾ ಹೋಗುವ ಕೆಲಸ ಅದು. ಮೊದಲೇ ಸುಟ್ಟರೆ ಹುಲ್ಲು ಹಸಿ, ಹತ್ತಿಕೊಳ್ಳುವುದಿಲ್ಲ. ಸಂಕ್ರಾಂತಿ ದಾಟಿಸಿದರೆ ಗಾಳಿ ಏಳುತ್ತದೆ, ರೇಖೆಗೆ ಕೊಟ್ಟ ಬೆಂಕಿಯೇ ಕಾಡು ಹಿಡಿಯುತ್ತದೆ. ಡಿಸೆಂಬರಿನ ಒಂದು ಮಳೆ ಈ ಚಿಕ್ಕ ಅವಧಿಯಿಂದ ಐದಾರು ದಿನ ಕದಿಯುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಿದ್ದನ್ನು ಕಂಡವರಿಗೆ ಆ ಐದಾರು ದಿನದ ಬೆಲೆ ಗೊತ್ತು.

ಮೂರನೇ ದಿನ: ಚಾಮರಾಜನಗರ, ಕೆ. ಗುಡಿ

ದಾರಿ ಚಿಕ್ಕದು, ನಡುವೆ ಒಂದು ಪಂಕ್ಚರ್. ಟೈರು ಬಿಚ್ಚುವಷ್ಟರಲ್ಲಿ ರಸ್ತೆ ಬದಿ ಹೋಟೆಲಿನಲ್ಲಿ ಮುದ್ದೆ, ಅವರೆಕಾಳಿನ ಉಪ್ಪುಸಾರು ಸಿಕ್ಕಿತು. ಬಿಳಿಗಿರಿಯ ಕಾಡಿನೊಳಗಿನ ಕೆ. ಗುಡಿಯ (ಕ್ಯಾತೇದೇವರ ಗುಡಿ) ದಾರಿಯಲ್ಲಿ ಹೋಗುವವರು ಸಂಜೆ ಗೇಟು ಮುಚ್ಚುವ ಹೊತ್ತನ್ನು ನೆನಪಿಟ್ಟು, ನಾಲ್ಕರೊಳಗೆ ಒಳಗಿರಬೇಕು. ಒಳಗೆ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ.

ದಾರಿಯುದ್ದಕ್ಕೂ ಲಾಂಟಾನ. ಅಂದಕ್ಕೆಂದು ಬ್ರಿಟಿಷರ ಕಾಲದಲ್ಲಿ ಬಂದ ಗಿಡ ಈಗ ಜಿಂಕೆ ತಿನ್ನುವ ಹುಲ್ಲಿನ ಜಾಗವನ್ನೆಲ್ಲ ಮುಚ್ಚಿಕೊಂಡಿದೆ. ಹುಲ್ಲಿಲ್ಲದ ಜಿಂಕೆ, ಕಾಟಿ ಹೊಲಕ್ಕೆ ಬರುತ್ತವೆ. ಇದನ್ನು ತೆಗೆಯುವುದರಲ್ಲಿ ತಪ್ಪಾಗುವುದೇ ಹೆಚ್ಚು. ನೆಲಮಟ್ಟಕ್ಕೆ ಕಡಿದರೆ ಮೂರು ಪಾಲು ಚಿಗುರುತ್ತದೆ, ಸುಟ್ಟರೂ ಚಿಗುರುತ್ತದೆ. ಜೆಸಿಬಿಯಲ್ಲಿ ಅಗೆದರೆ ಮಣ್ಣು ಕದಡಿ, ಮಲಗಿದ್ದ ಬೀಜವೆಲ್ಲ ಏಳುತ್ತದೆ. ಸರಿಯಾದ ಕ್ರಮ ಹೀಗೆ: ಗುದ್ದಲಿಯಲ್ಲಿ ನೆಲದೊಳಗೆ ಎರಡು ಮೂರು ಅಂಗುಲ ಕೆಳಗೆ ತಾಯಿಬೇರನ್ನು ಒಂದೇ ಏಟಿಗೆ ಕತ್ತರಿಸಿ, ಪೊದೆಯನ್ನು ಬೇರು ಮೇಲಾಗಿ ಕವುಚಿ ಒಣಗಲು ಬಿಡಬೇಕು. ಹಣ್ಣು ಬಿಡುವ ಮೊದಲೇ ಮಾಡಬೇಕು. ಮುಂದಿನ ಎರಡು ಮೂರು ಮಳೆಗಾಲ ಸಸಿ ಕೀಳುತ್ತಲೇ ಇರಬೇಕು, ಅದರಲ್ಲೂ ಹಕ್ಕಿಗಳು ಕೂರುವ ದೊಡ್ಡ ಮರಗಳ ಕೆಳಗೆ, ಬೀಜ ಉದುರುವುದು ಅಲ್ಲೇ. ಟೆಂಡರುಗಳಿಗೆ ಸಾಮಾನ್ಯವಾಗಿ ಮೊದಲ ವರ್ಷದ ದುಡ್ಡು ಇರುತ್ತದೆ, ಮೂರನೇ ವರ್ಷದ್ದು ಇರುವುದಿಲ್ಲ.

ನಾಲ್ಕನೇ ದಿನ: ಬಿಳಿಗಿರಿರಂಗನ ಬೆಟ್ಟದ ಪೋಡುಗಳು

ಇಲ್ಲಿಯ ಕಥೆ ಬಂಡೀಪುರದ್ದಕ್ಕಿಂತ ಬೇರೆ, ಯಾಕೆಂದರೆ ಇಲ್ಲಿ ಜನ ಕಾಡಿನ ಅಂಚಿನಲ್ಲಿಲ್ಲ, ಒಳಗೇ ಇದ್ದಾರೆ. ಬಿಳಿಗಿರಿರಂಗ ಇಲ್ಲಿಯ ಸೋಲಿಗ ಬುಡಕಟ್ಟಿನ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಅವರಿಗೆ ದೇವರಲ್ಲ, ರಂಗಭಾವ. 1974ರಲ್ಲಿ ಅಭಯಾರಣ್ಯವಾದಾಗ ಬೇಟೆ, ಕಾಡು ಸವರಿ ಸುಟ್ಟು ಬಿತ್ತುವ ಕುಮರಿ ಬೇಸಾಯ ನಿಂತು ಸೋಲಿಗರು ಪೋಡುಗಳಲ್ಲಿ, ಅಂದರೆ ತಮ್ಮ ಹಾಡಿಗಳಲ್ಲಿ, ನೆಲೆನಿಂತರು. 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ಬಳಿಕ ನೆಲ್ಲಿ, ಜೇನು, ಪಾಚಿ ಸಂಗ್ರಹಿಸಿ ಮಾರುವುದೂ ನಿಂತಿತು; ಅದನ್ನು ಕೊಳ್ಳುತ್ತಿದ್ದ ಬುಡಕಟ್ಟು ಸಹಕಾರ ಸಂಘ ಲ್ಯಾಂಪ್ಸ್ ಸೊಸೈಟಿಯ ತಕ್ಕಡಿ ಖಾಲಿಯಾಯಿತು. 2011ರ ಜನವರಿಯಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಅಂಥ ಹಕ್ಕು ಮೊದಲು ಬಂದಿದ್ದು ಇಲ್ಲೇ.

ಕಾಫಿ ಹಣ್ಣು ಅಂಗಳದಲ್ಲಿ ಹರಡಿತ್ತು. ಮೋಡ ಮುಚ್ಚಿದ್ದರಿಂದ ಗಂಟೆಗೊಮ್ಮೆ ಕಾಲಿನಲ್ಲಿ ಕೆದಕುತ್ತಿದ್ದರು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಹೊನ್ನಮೇಟಿ, ಅಟ್ಟಿಕಾನ್ ಕಡೆಯ ದೊಡ್ಡ ಎಸ್ಟೇಟುಗಳು ಬ್ರಿಟಿಷರ ಕಾಲದವು, ಪೋಡಿನ ಕಾಫಿ ಒಂದೆರಡು ಎಕರೆಯದು, ಕಾಡುಮರದ ನೆರಳಿನದು. ಆನೆ ಸಾಮಾನ್ಯವಾಗಿ ಕಾಫಿಗೆಂದು ಬರುವುದಿಲ್ಲ. ತೋಟದೊಳಗೆ ಹಲಸು ಇದ್ದರೆ ಮಾತ್ರ ಹಣ್ಣಿನ ಕಾಲಕ್ಕೆ ಗಿಡ ಮುರಿದು ಹೋಗುತ್ತದೆ. ಹಲಸನ್ನು ಎಳೆಯದಾಗಿರುವಾಗಲೇ ಕಿತ್ತು ಮಾರುವುದು ಅದಕ್ಕೇ.

ಒಬ್ಬ ಅಜ್ಜ ನೆಲ್ಲಿಮರ ತೋರಿಸಲು ಜೊತೆಗೆ ಬಂದರು. ಕೊಂಬೆ ಕಡಿಯಬಾರದು, ಕೋಲಿನಲ್ಲಿ ಬಡಿಯುವಾಗ ತುದಿ ಚಿಗುರು ಉಳಿಸಬೇಕು, ಒಂದಷ್ಟು ಕಾಯಿ ಜಿಂಕೆಗೂ ಬೀಜಕ್ಕೂ ಬಿಡಬೇಕು, ಮರದ ರಸ ಹೀರುವ ಬಂದಳಿಕೆ ಕಂಡರೆ ಕಾಯಿ ಕೀಳುವಾಗಲೇ ಕಡಿದುಹಾಕಬೇಕು. ಬಂದಳಿಕೆಗೆ ಅವರು ಹೇಳುವುದು ಉಪ್ಪಿಲು. ಅದು ಹತ್ತಿದ ನೆಲ್ಲಿ ಕೆಲವೇ ವರ್ಷಕ್ಕೆ ಒಣಗುತ್ತದೆ. ಕಾಯಿ ಕೀಳುವುದು ನಿಂತಾಗ ಉಪ್ಪಿಲು ಕಡಿಯುವುದೂ ನಿಂತಿತು. ಇನ್ನೊಂದು ಕಾರಣವೂ ಇದೆ ಎಂದರು. “ತರಗು ಬೆಂಕಿ ನಿಂತ್ ಮ್ಯಾಲ ಉಪ್ಪಿಲೂ ಏರ್ತು, ಲಾಂಟಾನನೂ ಏರ್ತು ಸ್ವಾಮಿ.” ಹಿಂದೆ ಬೇಸಿಗೆಯ ಮೊದಲೇ ಒಣ ಎಲೆಗೆ ಇಡುತ್ತಿದ್ದ, ಮೊಣಕಾಲೆತ್ತರ ದಾಟದ ಬೆಂಕಿ ಅದು. ಅದು ನಿಂತ ಮೇಲೆ ತರಗು, ಪೊದೆ ಪೇರಿಕೊಂಡು, ಈಗ ಬೆಂಕಿ ಬಿದ್ದರೆ ಲಾಂಟಾನವನ್ನೇ ಏಣಿ ಮಾಡಿಕೊಂಡು ಮರದ ನೆತ್ತಿಗೆ ಏರುತ್ತದೆ. ಇಲಾಖೆಯವರ ವಾದವೂ ಸುಳ್ಳಲ್ಲ: ಇಷ್ಟು ಪೊದೆ ಬೆಳೆದ ಮೇಲೆ ಹಳೆಯ ತರಗು ಬೆಂಕಿಯನ್ನು ಹಾಗೇ ಮತ್ತೆ ಇಡಲು ಆಗದು. ಮೊದಲು ಲಾಂಟಾನ ಹೋಗಬೇಕು, ಆಮೇಲೆ ಸಣ್ಣ ಜಾಗದಲ್ಲಿ, ಜನವರಿಯ ಇಬ್ಬನಿ ಇರುವಾಗ, ಅಜ್ಜನಂಥವರನ್ನು ಮುಂದಿಟ್ಟುಕೊಂಡು ಮಾಡಿ ನೋಡಬೇಕು. ಎರಡೂ ಕಡೆಯವರನ್ನು ಕೂರಿಸಿ ಇಷ್ಟು ಒಪ್ಪಿಸುವುದು ಹುಲಿ ಎಣಿಸುವುದಕ್ಕಿಂತ ಕಷ್ಟದ ಕೆಲಸ.

ದೊಡ್ಡ ಸಂಪಿಗೆಗೆ ಹೋಗಲು ಅನುಮತಿ ಬೇಕು, ಅದು ಸೋಲಿಗರ ದೇವರ ಜಾಗ. ಮಳೆಯಿಂದ ದಾರಿ ಜಾರುತ್ತಿದ್ದುದರಿಂದ ಅಂದು ಯಾರನ್ನೂ ಬಿಡಲಿಲ್ಲ.

ಐದನೇ ದಿನ: ಯಳಂದೂರು, ಕೊಳ್ಳೇಗಾಲ, ಹನೂರು, ಮಾದಪ್ಪನ ಬೆಟ್ಟ

ಬಿಳಿಗಿರಿಯ ಕಾಡಿಗೂ ಮಲೆ ಮಹದೇಶ್ವರದ ಕಾಡಿಗೂ ನಡುವೆ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ಕಾರಿಡಾರ್ ಇದೆ. ಅಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ಸುಮಾರು 25 ಎಕರೆ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಇಕ್ಕಟ್ಟಾದ ಜಾಗದಲ್ಲಿ ಇಷ್ಟು ನೆಲವೇ ಎರಡು ಕಾಡನ್ನು ಜೋಡಿಸಬಲ್ಲದು. ಆ ಕಡೆಯ ರಸ್ತೆಯಲ್ಲಿ ಫಲಕ ನೋಡದೆ ಹೋದರೆ ಇದೊಂದು ಬೀಳು ಹೊಲ ಎಂದುಕೊಳ್ಳುವಂತಿದೆ. ಹಾಗೆ ಕಾಣುವುದೇ ಸರಿ.

ಮಾದಪ್ಪನ ಬೆಟ್ಟ, ಅಂದರೆ ಮಲೆ ಮಹದೇಶ್ವರ ಬೆಟ್ಟ, 2013ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 906 ಚದರ ಕಿಲೋಮೀಟರ್. ಒಳಗೆ ಇಂಡಿಗನತ್ತ, ತುಳಸಿಕೆರೆಯಂಥ ಊರುಗಳಿವೆ, ಸರಿಯಾದ ರಸ್ತೆ ಇಲ್ಲ. 2024ರ ಲೋಕಸಭಾ ಚುನಾವಣೆಯಂದು ಇಂಡಿಗನತ್ತದಲ್ಲಿ ಮತಗಟ್ಟೆಯೇ ಧ್ವಂಸವಾಯಿತು, ಮೂಲಸೌಕರ್ಯ ಇಲ್ಲವೆಂಬ ಸಿಟ್ಟಿನಲ್ಲಿ. ಟಾರು ಹಾಕಿದರೆ ಪ್ರವಾಸಿ ಗಾಡಿ ಹಿಂದೆಯೇ ಬರುತ್ತದೆ, ಹಾಕದಿದ್ದರೆ ಬಸುರಿಯನ್ನು ಡೋಲಿಯಲ್ಲಿ ಹೊರಬೇಕು. ಊರವರಿಗಷ್ಟೇ ಓಡುವ ಜೀಪು ಇದಕ್ಕೆ ನಡುದಾರಿ, ಆದರೆ ರಾತ್ರಿ ಹೆರಿಗೆ ನೋವು ಬಂದಾಗ ಜೀಪು ಬಂದೇ ಬರುತ್ತದೆ ಎಂಬ ಭರವಸೆ ಇದ್ದರೆ ಮಾತ್ರ.

ಲಾಂಟಾನ ಪೀಠೋಪಕರಣದ ಕಸುಬು ಈ ಬೆಟ್ಟದ ಸೋಲಿಗರಲ್ಲಿ 2004ರ ಸುಮಾರಿಗೆ ಶುರುವಾಯಿತು. ಹೆಬ್ಬೆರಳ ದಪ್ಪದ ನೆಟ್ಟನೆ ಕೋಲುಗಳನ್ನು ಡ್ರಮ್ಮಿನಲ್ಲಿ ಕೆಲವು ಗಂಟೆ ಕುದಿಸಿ, ಬಿಸಿ ಇರುವಾಗಲೇ ಸಿಪ್ಪೆ ಸುಲಿದು, ಬೇಕಾದ ಆಕಾರಕ್ಕೆ ಬಗ್ಗಿಸಿ ಮೊಳೆ ಹೊಡೆಯುತ್ತಾರೆ. ಆರಿದ ಮೇಲೆ ಬಗ್ಗಿಸಿದರೆ ಸೀಳುತ್ತದೆ. ಗೆದ್ದಲು ಹತ್ತುವುದಿಲ್ಲ. ಕೂಲಿಗೆ ಒಳ್ಳೆಯದು, ಆದರೆ ಕುರ್ಚಿ ಮಾಡಿ ಕಾಡಿನ ಲಾಂಟಾನ ಮುಗಿಸುತ್ತೇವೆಂಬುದು ಭ್ರಮೆ. ಸಾವಿರ ಪೊದೆಯಲ್ಲಿ ನೆಟ್ಟನೆ ಕೋಲು ಸಿಗುವುದೇ ಕೆಲವು.

ಈ ಬೆಟ್ಟದಲ್ಲಿ ಈಗ ಎಲ್ಲರ ಬಾಯಲ್ಲೂ ಇರುವುದು ದನದ ಮಾತು. 2025ರ ಜೂನ್ 26ರಂದು ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿ ಸತ್ತುಬಿದ್ದಿದ್ದವು, ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಅದರ ಬೆನ್ನಿಗೇ ಕಾಡಿನಲ್ಲಿ ದನ ಮೇಯಿಸುವುದರ ಮೇಲೆ ಸರ್ಕಾರ ಬಿಗಿ ಮಾಡಿತು. ದನದ ದೊಡ್ಡಿ ಇಟ್ಟುಕೊಂಡಿರುವವರ ಹತ್ತಿರ ಮಾತಾಡಿದರೆ ವಿಷ ಹಾಕಿದ್ದನ್ನು ಒಬ್ಬರೂ ಒಪ್ಪುವುದಿಲ್ಲ. ಆದರೆ ಹಸು ಹೋದ ದಿನವೇ ಯಾರಾದರೂ ಬಂದು ಲೆಕ್ಕ ಬರೆದುಕೊಂಡು ಹೋಗಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ ಎನ್ನುತ್ತಾರೆ.

ದನ ಕಡಿಮೆ ಮಾಡಿ ಎನ್ನುವ ಮಾತಿಗೆ ಹನೂರು ಕಡೆಯ ದೊಡ್ಡಿಯೊಂದರ ಯಜಮಾನರು ಲೆಕ್ಕ ಮುಂದಿಟ್ಟರು. ಇರುವ ಐವತ್ತರಲ್ಲಿ ಹತ್ತೇ ಉಳಿಸಿಕೊಂಡು ಮನೆಯಲ್ಲೇ ಕಟ್ಟಿದರು ಅನ್ನಿ. ನಾಟಿ ಹಸುವಿಗೆ ದಿನಕ್ಕೆ ಐದಾರು ಕಿಲೋ ಒಣ ಮೇವು, ಜನವರಿಯಿಂದ ಮೇ ತಿಂಗಳವರೆಗೆ ನೂರೈವತ್ತು ದಿನ: ಎಂಟು ಟನ್ನಿನ ಮೇಲೆ ಬೇಕು. ಮಳೆ ಚೆನ್ನಾಗಿ ಆದ ವರ್ಷ ಎಕರೆ ರಾಗಿಗೆ ಒಂದೂವರೆ ಟನ್ ಹುಲ್ಲು, ಅವರದು ಎರಡು ಎಕರೆ. ಉಳಿದ ಐದು ಟನ್ನನ್ನು ಜನವರಿಗೆ ಮೊದಲು ಯಾರಾದರೂ ಹನೂರಿಗೆ ತಂದು ಹಾಕಿದರೆ ನಲವತ್ತು ದನವನ್ನು ಸಂಕ್ರಾಂತಿ ಸಂತೆಗೇ ಹೊಡೆಯುತ್ತೇನೆ, ಬೇಕಿದ್ದರೆ ಬರೆದುಕೊಳ್ಳಿ ಎಂದರು. ಬರೆದುಕೊಳ್ಳಲು ಇಲಾಖೆಯಿಂದ ಅಂದು ಅಲ್ಲಿ ಯಾರೂ ಇರಲಿಲ್ಲ.